ಉರುಂಟು

ಥ್ರೋಬಾಲಿನಲ್ಲಿ ಗೆದ್ದ ಪ್ರಜ್ವಿತಾ ತಿಂಗಳಾಯಳಿಗೆ
ಬಹುಮಾನವೆಂದು ತಂದದ್ದು ಒಂದು ಚೆಂಡು.
ಬಣ್ಣದ ಕಾಗದ ಸುತ್ತಿ ಕೊಡಿ ಟೀಚರ್, ಎಂದರು ಹೆಡ್‌ಮಾಸ್ಟ್ರು.
ಗಣಿತದವಳಲ್ಲವೇ ನಾನು,
ಇಪ್ಪತ್ತೆರಡು ವರ್ಷ ಮಲ್ಪೆಯ ಇದೇ ಕರಿಹಲಗೆಗೆ
ನಾಲ್ಕು ಪೈ ಆರ್ ವರ್ಗ ಬರೆದು ಅಳಿಸಿದವಳು.
(ನಾಲ್ಕೇ ಪೈಗಳಾ ಟೀಚರ್,
ತೆಂಕಪೇಟೆಗೆ ಹೋದರೆ ನಲವತ್ತು ಸಿಗುತ್ತಾರೆ!
ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಇದೇ ಜೋಕು,
ಪ್ರತಿ ವರ್ಷ ನನಗೆ ನಗು.)

ಸುತ್ತಿದೆ.
ಈ ಬದಿ ಎಳೆದರೆ ಆ ಬದಿ ಮುದುಡಿತು,
ಆ ಬದಿ ಸವರಿದರೆ ಈ ಬದಿ ನೆರಿಗೆ.
ಇಸ್ತ್ರಿ ಇಲ್ಲದ ಸೀರೆಯಲ್ಲಿ ಮದುವೆಗೆ ಹೊರಟವಳ ಹಾಗೆ
ಕೂತಿತು ಮೇಜಿನ ಮೇಲೆ, ಅಳ್ಳಕವಾಗಿ.

ಅಮ್ಮ ಅಷ್ಟಮಿಗೆ ಮೂಡೆ ಕಟ್ಟುತ್ತಿದ್ದಳು.
ಮುಂಡೇವಿನ ಎಲೆಯ ಮುಳ್ಳು ಸೀಳಿ, ಬೆಂಕಿಗೆ ಬಾಡಿಸಿ,
ಸುರುಳಿ ಸುತ್ತಿ ಕಡ್ಡಿ ಚುಚ್ಚಿದರೆ
ಮಲಗಿದ್ದ ಎಲೆ ಎದ್ದು ನಿಲ್ಲುತ್ತಿತ್ತು ಕೊಳವೆಯಾಗಿ.
ಎಲ್ಲೂ ಹರಿಯುತ್ತಿರಲಿಲ್ಲ.
ಬೀಚಿನಲ್ಲಿ ಚರುಮುರಿಯ ಇದಿನಬ್ಬ
ಎರಡು ಬೆರಳು, ಒಂದು ತಿರುವು:
ಕಾಗದ ಶಂಕುವಾಯಿತು.
ತಿಂದು ಬಿಚ್ಚಿದರೆ ಮತ್ತೆ ಅದೇ ನಿನ್ನೆಯ ಸುದ್ದಿ,
ಸ್ವಲ್ಪ ತೆಂಗಿನೆಣ್ಣೆಯ ಜೊತೆ.

ಈ ಚೆಂಡಿನದೇನು ಹಟ?

ನಮ್ಮಲ್ಲಿ ಎಲ್ಲದಕ್ಕೂ ಒಂದೇ ಮಾತು, ಉರುಂಟು.
ಬಳೆ ಉರುಂಟು, ಗೋಳಿಬಜೆ ಉರುಂಟು,
ಸಿಟ್ಟು ಬಂದಾಗ ಅಪ್ಪನ ಕಣ್ಣೂ ಉರುಂಟು.
ನನ್ನ ಚಾಕ್‌ಪೀಸೂ ಹಾಗೆಯೇ.
ಹಲಗೆಯ ಮೇಲೆ ವೃತ್ತವೆಳೆದು, ಹೊಟ್ಟೆಗೊಂದು ಚುಕ್ಕಿಗೆರೆ ಕಟ್ಟಿ
ಇದು ಗೋಲ, ನಂಬಿ ಮಕ್ಕಳೇ, ಎನ್ನುತ್ತ ಬಂದಿದ್ದೇನೆ.
ನಂಬಿದ್ದಾರೆ ಪಾಪ.

ಮರುದಿನ ಕ್ಲಾಸಿಗೆ ಮೂಸಂಬಿ ತಂದೆ.
ಅರ್ಧಕ್ಕೆ ಕೊಯ್ದು, ಕೊಯ್ದ ಮುಖವನ್ನು ಹಾಳೆಗೊತ್ತಿ
ನಾಲ್ಕು ವೃತ್ತ ಎಳೆಸಿದೆ.
ಸಿಪ್ಪೆ ಚೂರು ಮಾಡಿ ತುಂಬಿಸಿ ನೋಡಿ ಎಂದೆ.
ಒಂದು ತುಂಬಿತು. ಎರಡು. ಮೂರು.
ನಾಲ್ಕನೆಯದರಲ್ಲಿ ಉಗುರಿನಷ್ಟು ಜಾಗ ಖಾಲಿ ಉಳಿಯಿತು.
ಎದುರಿನವಳ ಕಣ್ಣಿಗೆ ಹಿಂಡಲೆಂದು ಕರ್ಕೇರರ ಹುಡುಗ
ಒಂದು ಚೂರು ಕಿಸೆಯಲ್ಲಿ ಬಚ್ಚಿಟ್ಟಿದ್ದ.
ಅದನ್ನೂ ಇಟ್ಟಾಗ
ಭರ್ತಿ.
ಯಾರೂ ಮಾತಾಡಲಿಲ್ಲ, ನಾನೂ.
ಬರೆದು ಬರೆದು ಸವೆದಿದ್ದ ಆ ನಾಲ್ಕನ್ನು
ನಾನು ಎಣಿಸಿದ್ದು ಅವತ್ತೇ ಮೊದಲು.

ಚೂರು ಮಾಡದೆ ಮಲಗಿಸಲಿಕ್ಕೆ ಆಗುವುದಿಲ್ಲವಾ ಟೀಚರ್?
ಪ್ರಜ್ವಿತಾ ಕೇಳಿದಳು.
ಇಲ್ಲ, ಎಂದೆ. ಯಾಕೆ, ಎಂದಳು.
ಗೋಡೆಯ ಭೂಪಟದಲ್ಲಿ ಗ್ರೀನ್‌ಲ್ಯಾಂಡು
ಆಫ್ರಿಕಾದಷ್ಟು ದೊಡ್ಡದಾಗಿ ಊದಿಕೊಂಡು ಕೂತಿತ್ತು,
ಎಳೆದು ಹರಡಿದ ನೋವಿಗೆ.
ಪಾಠದಲ್ಲಿಲ್ಲ, ಎಂದುಬಿಟ್ಟೆ.

ಸಂಜೆ ಧಕ್ಕೆಯಲ್ಲಿ ಸಿಕ್ಕಳು, ಚೆಂಡು ಕಂಕುಳಲ್ಲಿ.
ಐಸ್ ಲಾರಿಯಿಂದ ನೀರು ಸುರಿಯುತ್ತಿತ್ತು,
ಬುಟ್ಟಿಯ ಹೆಂಗಸರು ಬಂಗುಡೆಗೆ ಜಗಳಾಡುತ್ತಿದ್ದರು.
ಅವಳ ಅಪ್ಪನ ಬೋಟು ಹೊರಟು ತುಂಬ ಹೊತ್ತಾಗಿತ್ತು.
ನೋಡಿ ಟೀಚರ್, ಮೊದಲು ಅಡಿ ಹೋಗುತ್ತದೆ,
ಮತ್ತೆ ಕ್ಯಾಬಿನ್ನು, ಕಡೆಗೆ ಬಾವುಟ.
ಸಣ್ಣವಳಿದ್ದಾಗ ಮುಳುಗಿತೆಂದು ಅಳುತ್ತಿದ್ದೆ.
ಅದು ಮುಳುಗುವುದಲ್ಲ, ಇಳಿಯುವುದು. ಅಲ್ಲವಾ?

ಅಲ್ಲಿಯೇ ನಿಂತು ಲೆಕ್ಕ ಮಾಡಿದೆ.
ದಡದಲ್ಲಿ ನಿಂತರೆ ನನ್ನ ಎತ್ತರಕ್ಕೆ ಸಿಗುವ ಕಡಲು
ನಾಲ್ಕೂವರೆ ಕಿಲೋಮೀಟರು.
ಅದರಾಚೆಯದೆಲ್ಲ
ನಾನು ಚುಕ್ಕಿಯಲ್ಲಿ ಬರೆಯುವ ಗೆರೆ.
ಅಲ್ಲಿ ಬಲೆ ಬೀಸುತ್ತಾರೆ, ಗಂಜಿ ಬೇಯಿಸುತ್ತಾರೆ, ವಯರ್‌ಲೆಸ್ಸಿನಲ್ಲಿ ಬಯ್ದಾಡುತ್ತಾರೆ.

ಅವಳು ಕಾಗದ ಬಿಚ್ಚಿ ಮಡಚಿ ನನ್ನ ಕೈಗಿಟ್ಟಳು,
ಇದು ನಿಮಗೇ ಇರಲಿ ಟೀಚರ್,
ಚೆಂಡು ಪುಟಿಸುತ್ತ ಬಲೆಗಳ ನಡುವೆ ಓಡಿದಳು.

ಉಡುಪಿಯ ಬಸ್ಸಿನಲ್ಲಿ ಅದನ್ನು ಮೊಣಕಾಲ ಮೇಲೆ ಹರವಿ
ಅಂಗೈಯಲ್ಲಿ ಸವರಿ ಸವರಿ ನೋಡಿದೆ.
ನಡುವಿನಿಂದ ಅಂಚಿಗೆ ಹರಿದ ನೆರಿಗೆಗಳು
ಹೋಗಲಿಲ್ಲ.
ಚಿಲ್ಲರೆ ಹುಡುಕುತ್ತ ಕಂಡಕ್ಟರ್ ಬಗ್ಗಿದ.
ಎಂತ ಟೀಚರ್ ಅದು, ಮ್ಯಾಪಾ?
ಹೌದು ಮಾರಾಯ, ಎಂದೆ.